ಹಳೆಯದು ಹೋಗುವ ಮುನ್ನ ಹೊಸದು: ಕಡಲ ಗಸ್ತು ವಿಮಾನಗಳ ಖರೀದಿಯಿಂದ ಉದ್ಯಮಿಗಳಿಗೆ ಪಾಠ

ಪೀಠಿಕೆ

ಹುಕ್ಕೇರಿ ತಾಲ್ಲೂಕಿಗೆ ಸಮುದ್ರ ತೀರವಿಲ್ಲ. ಘಟಪ್ರಭೆ ಹಾಗೂ ಹಿರಣ್ಯಕೇಶಿಯ ನೀರನ್ನು ನಂಬಿ ಕಬ್ಬು ಬೆಳೆಯುವ ಈ ಭಾಗದ ವ್ಯಾಪಾರಿಗಳಿಗೆ, ಗೋಕಾಕ ಮತ್ತು ಮೂಡಲಗಿಯ ವರ್ತಕರಿಗೆ, ನೌಕಾಪಡೆಯ ವಿಮಾನಗಳ ವಿಚಾರವು ತಮಗೆ ಸಂಬಂಧಪಡದ ಸಂಗತಿಯೆಂದು ತೋರುವುದು ಸಹಜ. ಆದರೆ ಮೂರು ಕಾರಣಗಳಿಂದ ಈ ವಿಷಯವು ಅಧ್ಯಯನಕ್ಕೆ ಅರ್ಹವಾಗಿದೆ.

ಮೊದಲನೆಯದಾಗಿ, ಭಾರತದ ವಿದೇಶ ವ್ಯಾಪಾರದಲ್ಲಿ ತೂಕದ ಲೆಕ್ಕದಲ್ಲಿ ಸುಮಾರು ಶೇ. 95ರಷ್ಟು ಸರಕು ಸಮುದ್ರ ಮಾರ್ಗವಾಗಿಯೇ ಸಾಗುತ್ತದೆ. ಲಾರಿಗೆ ಹಾಕುವ ಡೀಸೆಲ್‌ನ ಮೂಲವಾದ ಕಚ್ಚಾ ತೈಲವಿರಲಿ, ರಫ್ತಾಗುವ ಸಕ್ಕರೆಯಿರಲಿ, ಆಮದಾಗುವ ಯಂತ್ರವಿರಲಿ, ಎಲ್ಲವೂ ಹಡಗಿನಲ್ಲಿಯೇ ಬರಬೇಕು, ಹಡಗಿನಲ್ಲಿಯೇ ಹೋಗಬೇಕು. 2023ರ ಕೊನೆಯಿಂದ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿಗಳು ನಡೆದಾಗ ಹಡಗು ಬಾಡಿಗೆ ಮತ್ತು ವಿಮೆಯ ದರಗಳು ಏರಿದುದನ್ನು ರಫ್ತುದಾರರು ಮರೆತಿರಲಾರರು. ಎರಡನೆಯದಾಗಿ, ಹುಕ್ಕೇರಿ ತಾಲ್ಲೂಕಿನ ಹತ್ತರಗಿಯಲ್ಲಿಯೇ, ರಾಷ್ಟ್ರೀಯ ಹೆದ್ದಾರಿಯ ಮಗ್ಗುಲಲ್ಲಿ, ವಿಮಾನದ ಬಿಡಿಭಾಗಗಳನ್ನು ತಯಾರಿಸುವ ಏಕಸ್ ಸಂಸ್ಥೆಯ ವಿಶೇಷ ಆರ್ಥಿಕ ವಲಯವಿದೆ. ವಿಮಾನ ಖರೀದಿಯ ನಿರ್ಣಯಗಳು ಹೇಗೆ ಆಗುತ್ತವೆ ಎಂಬುದು ಈ ಭಾಗದ ಯಂತ್ರೋದ್ಯಮಕ್ಕೆ ಹೊರಗಿನ ವಿಷಯವಲ್ಲ.

ಮೂರನೆಯ ಕಾರಣ ಎಲ್ಲಕ್ಕಿಂತ ಮುಖ್ಯವಾದುದು. ಮಿತವಾದ ಬಂಡವಾಳದಲ್ಲಿ ಹಳೆಯ ಯಂತ್ರವನ್ನು ಬದಲಿಸಬೇಕಾದ ಸಂದರ್ಭ ಪ್ರತಿಯೊಬ್ಬ ಉದ್ಯಮಿಗೂ ಬರುತ್ತದೆ. ಹಳೆಯದನ್ನು ರಿಪೇರಿ ಮಾಡಿಸುವುದೋ, ಹೊಸದನ್ನು ಕೊಳ್ಳುವುದೋ, ಬಾಡಿಗೆಗೆ ಪಡೆಯುವುದೋ ಎಂಬ ಪ್ರಶ್ನೆ ಲಾರಿ ಮಾಲೀಕನಿಗೂ ಒಂದೇ, ನೌಕಾಪಡೆಗೂ ಒಂದೇ. ನೌಕಾಪಡೆಗಳು ಮಾಡಿದ ಆಯ್ಕೆಗಳೂ ಅವುಗಳ ಫಲಗಳೂ ಸಾರ್ವಜನಿಕವಾಗಿ ತಿಳಿದಿರುವುದರಿಂದ ಅವು ಉದ್ಯಮಿಗಳಿಗೆ ಒಳ್ಳೆಯ ಪಠ್ಯವಾಗಬಲ್ಲವು.

ಗಸ್ತು ವಿಮಾನದ ಕೆಲಸವೇನು?

ಭಾರತದ ವಿಶೇಷ ಆರ್ಥಿಕ ಸಮುದ್ರ ವಲಯದ ವಿಸ್ತಾರ 20 ಲಕ್ಷ ಚದರ ಕಿಲೋಮೀಟರಿಗೂ ಹೆಚ್ಚು. ಇಷ್ಟು ವಿಸ್ತಾರವಾದ ನೀರನ್ನು ಹಡಗುಗಳಿಂದ ಮಾತ್ರವೇ ಕಾಯುವುದು ಅಸಾಧ್ಯ. ಹಡಗು ಒಂದು ದಿನದಲ್ಲಿ ಕ್ರಮಿಸುವ ದೂರವನ್ನು ವಿಮಾನವು ಒಂದೆರಡು ತಾಸುಗಳಲ್ಲಿ ಕ್ರಮಿಸುತ್ತದೆ. ಅಲ್ಲದೆ ಎತ್ತರದಲ್ಲಿರುವುದರಿಂದ ಅದರ ರಾಡಾರಿಗೆ ಬಹುದೂರದ ಹಡಗುಗಳೂ ಕಾಣುತ್ತವೆ.

ಗಸ್ತು ವಿಮಾನದ ಕೆಲಸವನ್ನು ಸ್ಥೂಲವಾಗಿ ಮೂರು ಭಾಗ ಮಾಡಬಹುದು. ದಡಕ್ಕೆ ಸಮೀಪದ ನೀರಿನಲ್ಲಿ ಮೀನುಗಾರಿಕೆ ದೋಣಿ, ಕಳ್ಳಸಾಗಣೆ ಹಾಗೂ ಅಪರಿಚಿತ ನಾವೆಗಳ ಮೇಲೆ ಕಣ್ಣಿಡುವುದು ಮೊದಲನೆಯದು. ದೂರದ ಹಡಗು ಮಾರ್ಗಗಳಲ್ಲಿ ಯಾರು ಸಂಚರಿಸುತ್ತಿದ್ದಾರೆಂಬುದನ್ನು ತಿಳಿಯುವುದು ಮತ್ತು ಅಪಘಾತವಾದಾಗ ಹುಡುಕುವುದು ಎರಡನೆಯದು. ಮೂರನೆಯದು ಎಲ್ಲಕ್ಕಿಂತ ಕಠಿಣವಾದ, ನೀರಿನೊಳಗಿನ ಜಲಾಂತರ್ಗಾಮಿಯನ್ನು ಪತ್ತೆ ಹಚ್ಚುವ ಕೆಲಸ. ಇದಕ್ಕೆ ಸೊನೊಬಾಯ್ ಎಂಬ ಶಬ್ದಗ್ರಾಹಕ ತೇಲುಸಾಧನಗಳನ್ನು ಸಮುದ್ರಕ್ಕೆ ಉದುರಿಸಿ, ಅವು ಕಳಿಸುವ ಸದ್ದನ್ನು ವಿಮಾನದೊಳಗೆ ಕುಳಿತ ತಜ್ಞರು ವಿಶ್ಲೇಷಿಸಬೇಕಾಗುತ್ತದೆ. ಮೊದಲ ಕೆಲಸಕ್ಕೆ ಚಿಕ್ಕ ವಿಮಾನ ಸಾಕು. ಮೂರನೆಯದಕ್ಕೆ ದೊಡ್ಡ ವಿಮಾನ, ಬೆಲೆಬಾಳುವ ಉಪಕರಣ ಮತ್ತು ನುರಿತ ಸಿಬ್ಬಂದಿ ಅನಿವಾರ್ಯ.

ಭಾರತೀಯ ನೌಕಾಪಡೆ ನಡೆದು ಬಂದ ದಾರಿ

ದೂರದ ಕಡಲ ಗಸ್ತಿನ ಹೊಣೆ ವಾಯುಪಡೆಯಿಂದ ನೌಕಾಪಡೆಗೆ ಬಂದದ್ದು 1976ರಲ್ಲಿ. ಆಗ ದೊರೆತ ಸೂಪರ್ ಕಾನ್‌ಸ್ಟಲೇಶನ್ ವಿಮಾನಗಳು ಹಿಂದೆ ಏರ್ ಇಂಡಿಯಾದಲ್ಲಿ ಪ್ರಯಾಣಿಕರನ್ನು ಹೊತ್ತು ದುಡಿದಂಥವು. 1977ರಲ್ಲಿ ಸೋವಿಯತ್ ನಿರ್ಮಿತ ಐಎಲ್-38 ವಿಮಾನಗಳು ಗೋವಾದ ದಾಬೋಳಿಯಲ್ಲಿರುವ ಐಎನ್‌ಎಸ್ ಹಂಸ ನೆಲೆಗೆ ಬಂದವು. ಕಾಲಕ್ರಮದಲ್ಲಿ ಅವುಗಳ ಸಂಖ್ಯೆ ಐದಾಯಿತು. 1988ರಲ್ಲಿ ಎಂಟು ಟಿಯು-142ಎಂ ವಿಮಾನಗಳು ಸೇರಿದವು. ನಾಲ್ಕು ಟರ್ಬೊಪ್ರಾಪ್ ಎಂಜಿನ್‌ಗಳ ಈ ಬೃಹತ್ ವಿಮಾನಗಳು ಬಹುದೂರ ಹಾರಬಲ್ಲವಾಗಿದ್ದವು. ಮೊದಲು ಗೋವಾದಲ್ಲಿದ್ದ ಇವು 1992ರಲ್ಲಿ ತಮಿಳುನಾಡಿನ ಅರಕ್ಕೋಣಂನ ಐಎನ್‌ಎಸ್ ರಾಜಾಳಿಗೆ ನೆಲೆ ಬದಲಿಸಿದವು. ಸಮೀಪದ ಗಸ್ತಿಗಾಗಿ ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆಯು ಕಾನ್ಪುರದಲ್ಲಿ ತಯಾರಿಸುವ ಡಾರ್ನಿಯರ್-228 ವಿಮಾನಗಳು 1991ರಿಂದ ನೌಕಾಪಡೆಗೆ ಬರತೊಡಗಿದವು.

ಈ ವ್ಯವಸ್ಥೆಗೆ ಎರಡು ಪೆಟ್ಟುಗಳು ಬಿದ್ದವು. 1991ರಲ್ಲಿ ಸೋವಿಯತ್ ಒಕ್ಕೂಟವು ಒಡೆದಾಗ ಅಲ್ಲಿಯ ಯಂತ್ರಗಳನ್ನು ನಂಬಿದ್ದ ಭಾರತದ ಸೇನಾಪಡೆಗಳಿಗೆ ಬಿಡಿಭಾಗಗಳ ಪೂರೈಕೆ ಕಷ್ಟವಾಯಿತು. ಒಂದೇ ಮಾರಾಟಗಾರನನ್ನು ನಂಬಿದ ವ್ಯಾಪಾರಿಗೆ ಆ ಅಂಗಡಿಯ ಬಾಗಿಲು ಮುಚ್ಚಿದಾಗ ಆಗುವ ಸ್ಥಿತಿಯೇ ಅದು. ಎರಡನೆಯದಾಗಿ, 2002ರ ಅಕ್ಟೋಬರ್ 1ರಂದು ಗೋವಾದಲ್ಲಿ ಐಎಲ್-38 ದಳದ ಬೆಳ್ಳಿಹಬ್ಬದ ಹಾರಾಟದ ವೇಳೆ ಎರಡು ವಿಮಾನಗಳು ಆಕಾಶದಲ್ಲಿ ಡಿಕ್ಕಿಯಾಗಿ ನಾಶವಾದವು. ವಿಮಾನದಲ್ಲಿದ್ದ ನೌಕಾಪಡೆಯವರೆಲ್ಲರೂ ಪ್ರಾಣ ಕಳೆದುಕೊಂಡರು. ಐದೇ ವಿಮಾನಗಳಿರುವ ದಳದಲ್ಲಿ ಎರಡು ಹೋದವೆಂದರೆ ಶಕ್ತಿಯ ಶೇ. 40 ಹೋದಂತೆ. ಆಗ ರಷ್ಯದಿಂದ ಎರಡು ಬದಲಿ ವಿಮಾನಗಳನ್ನು ಪಡೆಯಲಾಯಿತು. ಹೊಸ ರಾಡಾರ್ ಮತ್ತು ಶೋಧಕ ಉಪಕರಣಗಳನ್ನು ಅಳವಡಿಸಿ ನವೀಕರಿಸಿದ ಐಎಲ್-38ಎಸ್‌ಡಿ ವಿಮಾನಗಳು 2006ರಿಂದ ಮರಳಿ ಬಂದು, 2023ರ ಅಕ್ಟೋಬರಿನಲ್ಲಿ ನಿವೃತ್ತಿಯಾಗುವವರೆಗೆ ದುಡಿದವು.

ಟಿಯು-142 ವಿಮಾನಗಳಿಗೆ ಉತ್ತರಾಧಿಕಾರಿಯನ್ನು ಹುಡುಕುವಾಗ ಹಲವು ದಾರಿಗಳು ತೆರೆದಿದ್ದವು. ಹಳೆಯವನ್ನೇ ನವೀಕರಿಸಬಹುದಿತ್ತು, ಅಮೆರಿಕದ ಪಿ-3 ಒರಾಯನ್ ವಿಮಾನಗಳನ್ನು ಪಡೆಯಬಹುದಿತ್ತು, ಏರ್‌ಬಸ್ ಎ319ರ ಗಸ್ತು ರೂಪವನ್ನು ಆರಿಸಬಹುದಿತ್ತು. ಕೊನೆಗೆ 2009ರ ಜನವರಿ 1ರಂದು ಬೋಯಿಂಗ್ ಸಂಸ್ಥೆಯೊಡನೆ ಎಂಟು ಪಿ-8ಐ ವಿಮಾನಗಳಿಗೆ ಸುಮಾರು 210 ಕೋಟಿ ಡಾಲರ್ ಮೊತ್ತದ ಒಪ್ಪಂದವಾಯಿತು. ಮೊದಲನೆಯ ವಿಮಾನ 2013ರ ಮೇ ತಿಂಗಳಲ್ಲಿ ಅರಕ್ಕೋಣಂಗೆ ಬಂದಿಳಿಯಿತು. 2016ರಲ್ಲಿ ಇನ್ನೂ ನಾಲ್ಕಕ್ಕೆ ಆದೇಶ ನೀಡಲಾಯಿತು. ಈ ಎರಡನೆಯ ಕಂತಿನ ವಿಮಾನಗಳು ಬಂದ ಮೇಲೆ 2022ರ ಮಾರ್ಚಿನಲ್ಲಿ ಗೋವಾದ ಹಂಸ ನೆಲೆಯಲ್ಲಿ ಎರಡನೆಯ ಪಿ-8ಐ ದಳ ಸ್ಥಾಪನೆಯಾಯಿತು. ಕಾರವಾರದ ಕದಂಬ ನೌಕಾನೆಲೆಗೂ ನಮ್ಮ ರಾಜ್ಯದ ಕರಾವಳಿಗೂ ಸಮೀಪವಿರುವ ಗಸ್ತು ನೆಲೆ ಇದೇ.

ಇಲ್ಲಿ ವಿಶೇಷವಾಗಿ ಗಮನಿಸಬೇಕಾದ ಅಂಶವೊಂದಿದೆ. ಟಿಯು-142 ನಿವೃತ್ತಿಯಾದದ್ದು 2017ರ ಮಾರ್ಚ್ 29ರಂದು. ಅಷ್ಟರಲ್ಲಿ ಮೊದಲ ಎಂಟೂ ಪಿ-8ಐ ವಿಮಾನಗಳು ಬಂದು ಕೆಲಸಕ್ಕೆ ಪಳಗಿದ್ದವು. ಅಂದರೆ ಹಳೆಯದೂ ಹೊಸದೂ ಸುಮಾರು ನಾಲ್ಕು ವರ್ಷ ಜೊತೆಯಾಗಿ ದುಡಿದವು. ಈ ನಾಲ್ಕು ವರ್ಷಗಳ ಬೆಲೆ ಎಷ್ಟೆಂಬುದು ಬ್ರಿಟನ್ನಿನ ಉದಾಹರಣೆಯನ್ನು ನೋಡಿದಾಗ ತಿಳಿಯುತ್ತದೆ.

ರಿಪೇರಿಯ ಆಸೆ, ಖಾಲಿ ಉಳಿದ ಕಡಲು

ಬ್ರಿಟನ್ನಿನ ನಿಮ್ರೋಡ್ ಎಂಬ ಗಸ್ತು ವಿಮಾನವು ಕಾಮೆಟ್ ಎಂಬ ಹಳೆಯ ಪ್ರಯಾಣಿಕ ವಿಮಾನದಿಂದ ರೂಪುಗೊಂಡದ್ದು. 1996ರಲ್ಲಿ ಅಲ್ಲಿಯ ಸರ್ಕಾರವು ಹೊಸ ವಿಮಾನ ಕೊಳ್ಳುವ ಬದಲು ಹಳೆಯ ನಿಮ್ರೋಡ್‌ಗಳ ಒಡಲನ್ನೇ ಉಳಿಸಿಕೊಂಡು, ಹೊಸ ರೆಕ್ಕೆ, ಹೊಸ ಎಂಜಿನ್, ಹೊಸ ಉಪಕರಣಗಳನ್ನು ಜೋಡಿಸಲು ತೀರ್ಮಾನಿಸಿತು. ಯೋಜನೆಯು 21 ವಿಮಾನಗಳಿಗೆಂದು ಆರಂಭವಾಯಿತು. ಕೆಲಸ ಮುಂದುವರಿದಂತೆ ಒಂದು ಅಡಚಣೆ ಎದುರಾಯಿತು. 1960ರ ದಶಕದಲ್ಲಿ ಆ ಒಡಲುಗಳನ್ನು ಬಹುಮಟ್ಟಿಗೆ ಕೈಕೆಲಸದಿಂದ ಕಟ್ಟಲಾಗಿತ್ತು. ಒಂದರ ಅಳತೆ ಇನ್ನೊಂದರ ಅಳತೆಗೆ ಸರಿಯಾಗಿ ಹೊಂದುತ್ತಿರಲಿಲ್ಲ. ಕಂಪ್ಯೂಟರ್ ನಕ್ಷೆಯ ಪ್ರಕಾರ ನಿಖರವಾಗಿ ತಯಾರಾದ ಹೊಸ ರೆಕ್ಕೆಗಳನ್ನು ಅವುಗಳಿಗೆ ಕೂಡಿಸುವುದು ದೊಡ್ಡ ಸಮಸ್ಯೆಯಾಯಿತು.

ವೆಚ್ಚ ಏರಿತು, ಅವಧಿ ಬೆಳೆಯಿತು, 21 ವಿಮಾನಗಳ ಗುರಿ ಇಳಿಯುತ್ತ ಇಳಿಯುತ್ತ 9ಕ್ಕೆ ಬಂದಿತು. 2010ರ ಮಾರ್ಚಿನಲ್ಲಿ ಹಳೆಯ ನಿಮ್ರೋಡ್‌ಗಳನ್ನು ನಿವೃತ್ತಿಗೊಳಿಸಲಾಯಿತು. ಅದೇ ಅಕ್ಟೋಬರಿನಲ್ಲಿ, 300 ಕೋಟಿ ಪೌಂಡಿಗೂ ಮೀರಿ ಖರ್ಚಾದ ಬಳಿಕ, ಹೊಸ ಯೋಜನೆಯನ್ನೂ ರದ್ದುಪಡಿಸಲಾಯಿತು. ಹಳೆಯದೂ ಇಲ್ಲ, ಹೊಸದೂ ಇಲ್ಲ. ತನ್ನ ತೀರದ ಬಳಿ ಅನುಮಾನಾಸ್ಪದ ಜಲಾಂತರ್ಗಾಮಿಯನ್ನು ಹುಡುಕಲು ಬ್ರಿಟನ್ ಮಿತ್ರರಾಷ್ಟ್ರಗಳ ವಿಮಾನಗಳನ್ನು ಕರೆಸಿಕೊಳ್ಳಬೇಕಾಯಿತು. ಕೊನೆಗೆ 2015ರಲ್ಲಿ ಒಂಬತ್ತು ಪಿ-8 ವಿಮಾನಗಳನ್ನು ಕೊಳ್ಳಲು ನಿರ್ಧರಿಸಿತು. ಮೊದಲನೆಯದು ಬ್ರಿಟನ್ನಿಗೆ ಬಂದದ್ದು 2020ರಲ್ಲಿ. ಹತ್ತು ವರ್ಷಗಳ ಕಾಲ ಕಡಲಿನ ಒಂದು ಮುಖ್ಯ ಕಾವಲು ತೆರವಾಗಿತ್ತು.

ಜರ್ಮನಿಯ ಅನುಭವವೂ ಇದನ್ನೇ ಹೇಳುತ್ತದೆ. ಅದು ನೆದರ್‌ಲ್ಯಾಂಡ್ಸ್‌ನಿಂದ ಬಳಸಿದ ಎಂಟು ಪಿ-3 ವಿಮಾನಗಳನ್ನು ಕೊಂಡು, ಅವುಗಳ ಆಯುಷ್ಯವನ್ನು ವೃದ್ಧಿಸಲು ನವೀಕರಣವನ್ನು ಕೈಗೊಂಡಿತ್ತು. ವೆಚ್ಚ ಮತ್ತು ತಾಂತ್ರಿಕ ಅಡಚಣೆಗಳಿಂದಾಗಿ 2020ರಲ್ಲಿ ಆ ಕೆಲಸವನ್ನು ನಡುವೆಯೇ ನಿಲ್ಲಿಸಿ, 2021ರಲ್ಲಿ ಐದು ಹೊಸ ಪಿ-8 ವಿಮಾನಗಳಿಗೆ ಆದೇಶ ನೀಡಿತು.

ಹಾಗೆಂದ ಮಾತ್ರಕ್ಕೆ ನವೀಕರಣವೇ ತಪ್ಪೆಂದು ತಿಳಿಯಬಾರದು. ನಮ್ಮ ಐಎಲ್-38ಎಸ್‌ಡಿ ವಿಮಾನಗಳು ನವೀಕರಣದ ಬಳಿಕ ಹದಿನೇಳು ವರ್ಷ ದುಡಿದುದನ್ನು ಮೇಲೆಯೇ ನೋಡಲಾಯಿತು. 2024ರ ಮಾರ್ಚಿನಲ್ಲಿ ನೌಕಾಪಡೆಯ 25 ಡಾರ್ನಿಯರ್ ವಿಮಾನಗಳ ಮಧ್ಯಾಯುಷ್ಯ ನವೀಕರಣಕ್ಕೆ ಹಿಂದೂಸ್ತಾನ್ ಏರೋನಾಟಿಕ್ಸ್ ಜೊತೆ 2,890 ಕೋಟಿ ರೂಪಾಯಿಗಳ ಒಪ್ಪಂದವಾಗಿದೆ. ಅಂದರೆ ವಿಮಾನವೊಂದಕ್ಕೆ ಸರಾಸರಿ ಸುಮಾರು 116 ಕೋಟಿ ರೂಪಾಯಿ. ಡಾರ್ನಿಯರ್ ತಯಾರಿಕೆ ಇನ್ನೂ ನಡೆದಿದೆ, ನಕ್ಷೆಗಳು ಕಾನ್ಪುರದಲ್ಲಿಯೇ ಇವೆ, ಬಿಡಿಭಾಗ ದೇಶದೊಳಗೇ ಸಿಗುತ್ತದೆ. ಐಎಲ್-38ರಲ್ಲಿ ಬದಲಾದದ್ದು ಮುಖ್ಯವಾಗಿ ಒಳಗಿನ ಉಪಕರಣ. ನಿಮ್ರೋಡ್‌ನಲ್ಲಿ ರೆಕ್ಕೆ ಮತ್ತು ಎಂಜಿನ್‌ಗಳನ್ನೇ ಬದಲಿಸಲು ಹೊರಟದ್ದು. ಆದ್ದರಿಂದ ನಿಯಮ ಹೀಗೆ: ಒಡಲು ಗಟ್ಟಿಯಿದ್ದು, ಮೂಲ ತಯಾರಕನು ಇನ್ನೂ ಕೆಲಸದಲ್ಲಿದ್ದು, ಬದಲಾಗಬೇಕಾದುದು ಉಪಕರಣ ಮಾತ್ರವಾಗಿದ್ದರೆ ನವೀಕರಣ ಲಾಭಕರ, ಒಡಲಿನ ಅಳತೆಯೇ ನಂಬಲರ್ಹವಲ್ಲದಿದ್ದರೆ ಅದು ಹಣ ನುಂಗುವ ಬಾವಿ. ಹಳೆಯ ಲೇಥಿನ ಬೆಡ್ ಸವೆದಿರುವಾಗ ಅದಕ್ಕೆ ಸಿಎನ್‌ಸಿ ನಿಯಂತ್ರಕವನ್ನು ಜೋಡಿಸಿದರೆ ಆಗುವುದೂ ಇದೇ.

ಬೆಲೆಪಟ್ಟಿಯ ಬೆಲೆ ಬೇರೆ, ನಿಜವಾದ ಬೆಲೆ ಬೇರೆ

ಸಣ್ಣ ದೇಶವಾದ ನ್ಯೂಜಿಲೆಂಡಿನ ನಿರ್ಣಯ ಈ ವಿಷಯದಲ್ಲಿ ಬೋಧಪ್ರದವಾಗಿದೆ. ಅದರ ಒರಾಯನ್ ವಿಮಾನಗಳು 1966ರಿಂದ ಸೇವೆಯಲ್ಲಿದ್ದವು. ಆ ಆರು ವಿಮಾನಗಳ ಬದಲಿಗೆ ನಾಲ್ಕು ಪಿ-8ಎ ವಿಮಾನಗಳನ್ನು ಕೊಳ್ಳುವುದಾಗಿ 2018ರಲ್ಲಿ ಅಲ್ಲಿಯ ಸರ್ಕಾರವು ಪ್ರಕಟಿಸಿತು. ಪ್ರಕಟಿಸಿದ 234.6 ಕೋಟಿ ನ್ಯೂಜಿಲೆಂಡ್ ಡಾಲರ್ ಮೊತ್ತದಲ್ಲಿ ವಿಮಾನಗಳ ಬೆಲೆಯೊಂದೇ ಅಲ್ಲ, ತರಬೇತಿ ವ್ಯವಸ್ಥೆ, ನೆಲೆಯ ಕಟ್ಟಡಗಳು, ಸೇವೆಗೆ ಸೇರಿಸುವ ವೆಚ್ಚ ಎಲ್ಲವೂ ಸೇರಿದ್ದವು. ವಿಮಾನಗಳ ನೆಲೆಯನ್ನೇ ಆಕ್ಲೆಂಡ್ ಬಳಿಯ ಫೆನುವಾಪಾಯಿಂದ ಒಹಾಕಿಯಕ್ಕೆ ಬದಲಿಸಬೇಕಾಯಿತು. ಯಂತ್ರ ಕೊಂಡವನು ಶೆಡ್, ಫೌಂಡೇಶನ್, ವಿದ್ಯುತ್ ಸಂಪರ್ಕ, ಆಪರೇಟರನ ತರಬೇತಿ ಇವನ್ನೆಲ್ಲ ಕೊಟೇಶನ್ನಿನ ಹೊರಗೆ ಬಿಟ್ಟರೆ ಸಾಲ ಮಂಜೂರಾದ ಮೇಲೆ ಮತ್ತೆ ಬ್ಯಾಂಕಿನ ಬಾಗಿಲಿಗೆ ಹೋಗಬೇಕಾಗುತ್ತದೆ. ನ್ಯೂಜಿಲೆಂಡ್ ಇದನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಂಡಿತು.

ಕಂತುಕಂತಾಗಿ, ತಡವಾಗಿ ಕೊಳ್ಳುವುದರ ಪರಿಣಾಮವನ್ನೂ ಗಮನಿಸಬೇಕು. ಭಾರತವು 2009ರಲ್ಲಿ ಕೊಂಡ ಎಂಟು ಪಿ-8ಐಗಳಿಗೆ ವಿಮಾನವೊಂದಕ್ಕೆ ಸರಾಸರಿ 26 ಕೋಟಿ ಡಾಲರ್ ಬಿದ್ದಿತು. ಇನ್ನಾರು ವಿಮಾನಗಳ ಅಗತ್ಯಕ್ಕೆ 2019ರಲ್ಲಿ ರಕ್ಷಣಾ ಖರೀದಿ ಮಂಡಳಿಯ ಸಮ್ಮತಿ ದೊರೆಯಿತು. 2021ರ ಏಪ್ರಿಲ್‌ನಲ್ಲಿ ಅಮೆರಿಕ ಸರ್ಕಾರವು ಈ ಆರು ವಿಮಾನ ಮತ್ತು ಸಂಬಂಧಪಟ್ಟ ಸಲಕರಣೆಗಳಿಗೆ ತನ್ನ ಸಂಸತ್ತಿನ ಮುಂದಿಟ್ಟ ಅಂದಾಜು 242 ಕೋಟಿ ಡಾಲರ್. ಅಂದರೆ ತಲಾ 40 ಕೋಟಿ. ಇದು ಗರಿಷ್ಠ ಮಿತಿಯ ಅಂದಾಜು, ಎರಡೂ ಮೊತ್ತಗಳಲ್ಲಿ ಸೇರಿದ ಸಾಮಗ್ರಿಗಳೂ ಒಂದೇ ಅಲ್ಲ ಎಂಬುದು ನಿಜ. ಆದರೂ ಕಾಯುವುದರಿಂದ ಹಣ ಉಳಿಯುತ್ತದೆಂಬ ನಂಬಿಕೆಗೆ ಇದು ಆಧಾರ ಕೊಡುವುದಿಲ್ಲ.

ಪಿ-8ಐ ವಿಮಾನದ ಇನ್ನೊಂದು ಗುಣವು ಅದರ ಮೂಲದಲ್ಲಿದೆ. ಇದು ಬೋಯಿಂಗ್ 737-800 ಎಂಬ ಪ್ರಯಾಣಿಕ ವಿಮಾನದ ಆಧಾರದ ಮೇಲೆ ರೂಪಿತವಾದದ್ದು. ಸಾವಿರಾರು ಸಂಖ್ಯೆಯಲ್ಲಿ ತಯಾರಾಗಿ ಜಗತ್ತಿನಾದ್ಯಂತ ಹಾರುತ್ತಿರುವ ಈ ವಿಮಾನದ ಒಡಲಿಗೂ ಎಂಜಿನ್ನಿಗೂ ಬಿಡಿಭಾಗ, ದುರಸ್ತಿಗಾರ, ತರಬೇತುದಾರ ಎಲ್ಲರೂ ಹಲವೆಡೆ ದೊರೆಯುತ್ತಾರೆ. ಊರೂರಿನ ಗ್ಯಾರೇಜಿನಲ್ಲಿ ಸಾಮಾನು ಸಿಗುವ ಲಾರಿಯನ್ನೇ ಅನುಭವಸ್ಥ ಮಾಲೀಕರು ಆರಿಸುವುದರ ಹಿಂದಿನ ತರ್ಕವೂ ಇದೇ.

ಒಂದು ಲೆಕ್ಕ

ವಿಷಯವು ಸ್ಪಷ್ಟವಾಗಲೆಂದು ಕೆಳಗೆ ಒಂದು ಲೆಕ್ಕವನ್ನು ಕೊಡಲಾಗಿದೆ. ಇಲ್ಲಿಯ ಅಂಕಿಗಳೆಲ್ಲವೂ ಪಾಠಕ್ಕೆಂದು ಊಹಿಸಿಕೊಂಡವು; ಯಾವ ನಿಜವಾದ ವಿಮಾನದವೂ ಅಲ್ಲ.

ಚಿಕ್ಕ ವಿಮಾನ: ಬೆಲೆ 100 ಕೋಟಿ ರೂ.; ವೇಗ ತಾಸಿಗೆ 400 ಕಿ.ಮೀ.; ಒಂದು ಹಾರಾಟ 8 ತಾಸು; ವರ್ಷಕ್ಕೆ 75 ಹಾರಾಟ, ಅಂದರೆ 600 ತಾಸು; ತಾಸಿನ ಖರ್ಚು 3 ಲಕ್ಷ ರೂ.

ದೊಡ್ಡ ವಿಮಾನ: ಬೆಲೆ 400 ಕೋಟಿ ರೂ.; ವೇಗ ತಾಸಿಗೆ 800 ಕಿ.ಮೀ.; ಒಂದು ಹಾರಾಟ 10 ತಾಸು; ವರ್ಷಕ್ಕೆ 80 ಹಾರಾಟ, ಅಂದರೆ 800 ತಾಸು; ತಾಸಿನ ಖರ್ಚು 10 ಲಕ್ಷ ರೂ.

ಎರಡರ ಆಯುಷ್ಯವೂ 25 ವರ್ಷವೆಂದು ಹಿಡಿದರೆ, ಚಿಕ್ಕ ವಿಮಾನದ ವಾರ್ಷಿಕ ವೆಚ್ಚ ಸವಕಳಿ 4 ಕೋಟಿ ಮತ್ತು ಹಾರಾಟ 18 ಕೋಟಿ, ಒಟ್ಟು 22 ಕೋಟಿ. ದೊಡ್ಡದಕ್ಕೆ ಸವಕಳಿ 16 ಕೋಟಿ ಮತ್ತು ಹಾರಾಟ 80 ಕೋಟಿ, ಒಟ್ಟು 96 ಕೋಟಿ. ಆದರೆ ಕೊಳ್ಳುವವನಿಗೆ ಬೇಕಾದದ್ದು ಹಾರಾಟದ ತಾಸಲ್ಲ, ಕಾವಲಿನ ತಾಸು. ಹೋಗಿ ಬರುವ ಸಮಯವನ್ನು ಕಳೆದು ಉಳಿಯುವುದೇ ಕಾವಲು.

ದಡದಿಂದ 400 ಕಿ.ಮೀ. ದೂರದ ನೀರನ್ನು ಕಾಯಬೇಕಾದರೆ ಚಿಕ್ಕ ವಿಮಾನಕ್ಕೆ ಪ್ರತಿ ಹಾರಾಟದಲ್ಲಿ 6 ತಾಸು, ವರ್ಷಕ್ಕೆ 450 ತಾಸು ಕಾವಲು ಸಿಗುತ್ತದೆ. ಕಾವಲಿನ ತಾಸಿಗೆ 4.89 ಲಕ್ಷ ರೂ. ಬೀಳುತ್ತದೆ. ದೊಡ್ಡ ವಿಮಾನಕ್ಕೆ ಹಾರಾಟಕ್ಕೆ 9 ತಾಸು, ವರ್ಷಕ್ಕೆ 720 ತಾಸು; ತಾಸಿಗೆ 13.33 ಲಕ್ಷ ರೂ. ಚಿಕ್ಕದೇ ಅಗ್ಗ.

ಅದೇ 1,400 ಕಿ.ಮೀ. ದೂರಕ್ಕೆ ಹೋಗಬೇಕಾದರೆ ಚಿಕ್ಕ ವಿಮಾನಕ್ಕೆ ಹೋಗಿ ಬರಲು 7 ತಾಸು ಹಿಡಿದು ಕಾವಲಿಗೆ ಒಂದೇ ತಾಸು ಉಳಿಯುತ್ತದೆ. ವರ್ಷಕ್ಕೆ 75 ತಾಸು, ತಾಸಿಗೆ 29.33 ಲಕ್ಷ ರೂ. ದೊಡ್ಡದಕ್ಕೆ 6.5 ತಾಸು ಉಳಿದು, ವರ್ಷಕ್ಕೆ 520 ತಾಸು, ತಾಸಿಗೆ 18.46 ಲಕ್ಷ ರೂ. ಇಲ್ಲಿ ದೊಡ್ಡದೇ ಅಗ್ಗ.

ಯಂತ್ರಗಳು ಅವೇ, ಬೆಲೆಗಳೂ ಅವೇ. ದೂರ ಬದಲಾದೊಡನೆ ಉತ್ತರವೂ ಬದಲಾಯಿತು. ಆದ್ದರಿಂದ ಯಾವುದು ಅಗ್ಗವೆಂಬ ಪ್ರಶ್ನೆಗೆ ಮೊದಲು ಯಾವ ಕೆಲಸಕ್ಕೆ ಎಂಬ ಪ್ರಶ್ನೆಯನ್ನು ಕೇಳಬೇಕು. ಎರಡೂ ಬಗೆಯ ನೀರನ್ನು ಕಾಯಬೇಕಾದವನು ಎರಡೂ ಬಗೆಯ ವಿಮಾನಗಳನ್ನು ಇಟ್ಟುಕೊಳ್ಳುವುದೇ ಮಿತವ್ಯಯ.

ಮೂರು ಹಂತದ ವ್ಯವಸ್ಥೆ

ಭಾರತೀಯ ನೌಕಾಪಡೆ ಹಿಡಿದಿರುವುದು ಈ ದಾರಿಯನ್ನೇ. ದೂರದ ಹಾಗೂ ಕಠಿಣ ಕೆಲಸಕ್ಕೆ ಹನ್ನೆರಡು ಪಿ-8ಐ, ಸಮೀಪದ ನಿತ್ಯದ ಕೆಲಸಕ್ಕೆ ಡಾರ್ನಿಯರ್. ನಡುವಿನ ಹಂತಕ್ಕೆ ಬೇಕಾದ ಮಧ್ಯಮ ದೂರದ ವಿಮಾನಗಳ ಯೋಜನೆ ಬಹುಕಾಲ ಕೈಗೂಡಿರಲಿಲ್ಲ. 2024ರ ಫೆಬ್ರವರಿಯಲ್ಲಿ ನೌಕಾಪಡೆಗೆ 9 ಮತ್ತು ಕರಾವಳಿ ಕಾವಲು ಪಡೆಗೆ 6 ವಿಮಾನಗಳ ಅಗತ್ಯಕ್ಕೆ ಸಮ್ಮತಿ ದೊರೆಯಿತು. ಇವು ಸಿ-295 ಸಾಗಣೆ ವಿಮಾನದ ಆಧಾರದ ಮೇಲೆ ರೂಪುಗೊಳ್ಳತಕ್ಕವು. ವಾಯುಪಡೆಗಾಗಿ 2021ರಲ್ಲಿ ಆದೇಶವಾದ 56 ಸಿ-295 ವಿಮಾನಗಳಲ್ಲಿ 40ನ್ನು ಟಾಟಾ ಮತ್ತು ಏರ್‌ಬಸ್ ಸಂಸ್ಥೆಗಳು ಗುಜರಾತಿನ ವಡೋದರದಲ್ಲಿ ತಯಾರಿಸಬೇಕಾಗಿದ್ದು, ಆ ಕಾರ್ಖಾನೆ 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾಗಿದೆ. ಒಂದೇ ಒಡಲಿನಿಂದ ಎರಡು ಮೂರು ಇಲಾಖೆಗಳ ಕೆಲಸವಾದರೆ ಬಿಡಿಭಾಗಗಳ ದಾಸ್ತಾನು ಕಡಿಮೆಯಾಗುತ್ತದೆಂಬುದು ಇದರ ಹಿಂದಿನ ಲಾಭ.

ಇನ್ನು ಸಿಬ್ಬಂದಿಯಿಲ್ಲದೆ ಹಾರುವ ವಿಮಾನ. 2020ರ ನವೆಂಬರಿನಲ್ಲಿ ನೌಕಾಪಡೆಯು ಅಮೆರಿಕದ ಎರಡು ಸೀಗಾರ್ಡಿಯನ್ ಡ್ರೋನ್‌ಗಳನ್ನು ಮೊದಲು ಬಾಡಿಗೆಗೆ ಪಡೆಯಿತು. ನಾಲ್ಕು ವರ್ಷ ಬಳಸಿ ನೋಡಿದ ಮೇಲೆ, 2024ರ ಅಕ್ಟೋಬರಿನಲ್ಲಿ ಮೂರೂ ಪಡೆಗಳಿಗಾಗಿ 31 ಡ್ರೋನ್‌ಗಳಿಗೆ ಒಪ್ಪಂದವಾಯಿತು; ಅವುಗಳಲ್ಲಿ 15 ನೌಕಾಪಡೆಯ ಪಾಲು. ಇದಕ್ಕೆ ತಿಂಗಳ ಮುಂಚೆ ಬಾಡಿಗೆಯ ಡ್ರೋನ್ ಒಂದು ತಾಂತ್ರಿಕ ದೋಷದಿಂದ ಬಂಗಾಳ ಕೊಲ್ಲಿಯಲ್ಲಿ ಇಳಿಯಬೇಕಾಯಿತು. ದುಬಾರಿಯಾದ ಹೊಸ ಬಗೆಯ ಯಂತ್ರವನ್ನು ಮೊದಲು ಬಾಡಿಗೆಗೆ ತಂದು, ಗುಣದೋಷಗಳನ್ನು ಕಣ್ಣಾರೆ ಕಂಡು, ಅನಂತರ ಕೊಳ್ಳುವ ಕ್ರಮ ಸಣ್ಣ ಉದ್ಯಮಿಗಳಿಗೂ ಅನುಕರಣೀಯ.

ಒಂದು ಯಂತ್ರ ಎಷ್ಟು ಕೆಲಸಗಳಿಗೆ ಒದಗುತ್ತದೆಂಬುದೂ ಲೆಕ್ಕಕ್ಕೆ ಬರಬೇಕು. ಪಿ-8ಐ ವಿಮಾನಗಳು 2014ರಲ್ಲಿ ಕಾಣೆಯಾದ ಮಲೇಷ್ಯದ ಎಂಎಚ್370 ವಿಮಾನದ ಶೋಧಕ್ಕೆ ಹೋದವು. 2020ರಲ್ಲಿ ಲಡಾಖ್ ಗಡಿಯ ನಿಗಾಕ್ಕೂ ಬಳಕೆಯಾದವು. 2024ರ ಮಾರ್ಚಿನಲ್ಲಿ ಸೊಮಾಲಿ ಕಡಲ್ಗಳ್ಳರು ಅಪಹರಿಸಿದ್ದ ರೂಯೆನ್ ಎಂಬ ಸರಕು ಹಡಗನ್ನು ನೌಕಾಪಡೆಯು ಬಿಡಿಸಿ, 17 ಸಿಬ್ಬಂದಿಯನ್ನು ರಕ್ಷಿಸಿ, 35 ಕಡಲ್ಗಳ್ಳರನ್ನು ಸೆರೆಹಿಡಿದ ಕಾರ್ಯಾಚರಣೆಯಲ್ಲೂ ಆಕಾಶದಿಂದ ಕಣ್ಣಿಟ್ಟದ್ದು ಇದೇ ಬಗೆಯ ವಿಮಾನ. ಸರಕು ಸಾಗಿಸುವ ವರ್ತಕನಿಗೆ ಗಸ್ತು ವಿಮಾನದ ಬೆಲೆ ಏನೆಂಬುದು ಇಂಥ ದಿನ ತಿಳಿಯುತ್ತದೆ.

ನಮ್ಮ ಭಾಗದ ಉದ್ಯಮಿಗಳಿಗೆ ಇದರಲ್ಲೇನಿದೆ?

2009ರ ಪಿ-8ಐ ಒಪ್ಪಂದದಲ್ಲಿ ಶೇ. 30ರಷ್ಟು ಆಫ್‌ಸೆಟ್ ಷರತ್ತಿತ್ತು. ಅಂದರೆ ಮಾರಾಟಗಾರನು ಒಪ್ಪಂದದ ಮೊತ್ತದಲ್ಲಿ ಅಷ್ಟು ಪಾಲಿನ, ಸುಮಾರು 64 ಕೋಟಿ ಡಾಲರ್ ಮೌಲ್ಯದ, ಕೆಲಸ ಅಥವಾ ಖರೀದಿಯನ್ನು ಭಾರತದಲ್ಲಿ ಮಾಡಬೇಕು. ಕರ್ನಾಟಕಕ್ಕೆ ಇದರ ಫಲ ದೊರೆಯಿತು. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯು ಪಿ-8ಐಗೆ ದತ್ತಾಂಶ ಸಂಪರ್ಕ ಸಾಧನ ಮತ್ತು ಸ್ವಪಕ್ಷ-ಪರಪಕ್ಷ ಗುರುತಿಸುವ ಉಪಕರಣವನ್ನು ಒದಗಿಸಿತು. ಹಿಂದೂಸ್ತಾನ್ ಏರೋನಾಟಿಕ್ಸ್ ಆಯುಧಕೋಶದ ಬಾಗಿಲುಗಳನ್ನು ತಯಾರಿಸಿತು. ಬೆಂಗಳೂರಿನ ಖಾಸಗಿ ಸಂಸ್ಥೆಯಾದ ಡೈನಮ್ಯಾಟಿಕ್ ಟೆಕ್ನಾಲಜೀಸ್ ಉಪಕರಣಗಳನ್ನು ಕೂರಿಸುವ ಕ್ಯಾಬಿನೆಟ್‌ಗಳನ್ನು ಮಾಡಿಕೊಟ್ಟಿತು. ಕೊನೆಯದನ್ನು ವಿಶೇಷವಾಗಿ ಗಮನಿಸಬೇಕು: ಜಲಾಂತರ್ಗಾಮಿ ಶೋಧಕ ವಿಮಾನದಲ್ಲಿಯೂ ಲೋಹದ ಕಪಾಟು ಬೇಕು. ರಾಡಾರ್ ತಯಾರಿಸಲಾರದವನೂ ಕಪಾಟು ತಯಾರಿಸಬಲ್ಲ, ಅಳತೆ ತಪ್ಪದಿದ್ದರೆ.

ಹತ್ತರಗಿಯ ಸುಮಾರು 250 ಎಕರೆಯ ವಲಯದ ವಿಶೇಷವಿರುವುದು ಅದರ ಜೋಡಣೆಯಲ್ಲಿ. ಫೋರ್ಜಿಂಗ್, ಮಶಿನಿಂಗ್, ಮೇಲ್ಮೈ ಸಂಸ್ಕರಣೆ, ಜೋಡಣೆ ಎಲ್ಲವೂ ಒಂದೇ ಆವರಣದಲ್ಲಿ ನಡೆಯುತ್ತವೆ. ಫ್ರಾನ್ಸಿನ ಓಬರ್ ಎ ಡುವಾಲ್ ಸಂಸ್ಥೆಯೊಡನೆ ಫೋರ್ಜಿಂಗ್, ಕೆನಡಾದ ಮೆಗೆಲನ್ ಸಂಸ್ಥೆಯೊಡನೆ ಮೇಲ್ಮೈ ಸಂಸ್ಕರಣೆಯ ಜಂಟಿ ಘಟಕಗಳು ಅಲ್ಲಿ ಆರಂಭವಾದವು. ಬೋಯಿಂಗ್, ಏರ್‌ಬಸ್ ಮೊದಲಾದ ತಯಾರಕರ ನಾಗರಿಕ ವಿಮಾನಗಳಿಗೆ ಇಲ್ಲಿಂದ ಬಿಡಿಭಾಗ ಹೋಗುತ್ತವೆ. ಗಸ್ತು ವಿಮಾನಗಳು ನಾಗರಿಕ ವಿಮಾನದ ಒಡಲಿನಿಂದಲೇ ರೂಪುಗೊಳ್ಳುವ ಕಾಲದಲ್ಲಿ ನಾಗರಿಕ ಕೆಲಸದಲ್ಲಿ ಗಳಿಸಿದ ಅರ್ಹತೆ ರಕ್ಷಣಾ ಕೆಲಸಕ್ಕೂ ಮೆಟ್ಟಿಲಾಗುತ್ತದೆ.

ಈ ಕ್ಷೇತ್ರಕ್ಕೆ ಕಾಲಿಡಬಯಸುವ ಸಣ್ಣ ತಯಾರಕರು ಮೂರು ಸಂಗತಿಗಳನ್ನು ನೆನಪಿನಲ್ಲಿಡಬೇಕು. ಒಂದು, ಎಎಸ್ 9100 ಗುಣಮಟ್ಟ ಪ್ರಮಾಣಪತ್ರವಿಲ್ಲದೆ ವಿಮಾನದ ಬಿಡಿಭಾಗಗಳ ವಿಚಾರಣೆಯೇ ಬರುವುದು ಕಷ್ಟ. ಶಾಖ ಸಂಸ್ಕರಣೆ, ಲೇಪನದಂಥ ವಿಶೇಷ ಕೆಲಸಗಳಿಗೆ ನ್ಯಾಡ್‌ಕ್ಯಾಪ್ ಮಾನ್ಯತೆಯೂ ಬೇಕು. ಇವನ್ನು ಪಡೆಯಲು ಹಣಕ್ಕಿಂತ ಹೆಚ್ಚಾಗಿ ದಾಖಲೆ ಇಡುವ ಶಿಸ್ತು ಬೇಕು. ಎರಡು, ಸಮ್ಮತಿ ಬೇರೆ, ಆರ್ಡರ್ ಬೇರೆ. ಖರೀದಿ ಮಂಡಳಿಯ ಸಮ್ಮತಿಯ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿ ಯಂತ್ರಕ್ಕೆ ಸಾಲ ಮಾಡಬಾರದು. ಸಮ್ಮತಿಯಿಂದ ಒಪ್ಪಂದಕ್ಕೆ ವರ್ಷಗಳೇ ಹಿಡಿಯಬಹುದು. ಮೂರು, ಆಫ್‌ಸೆಟ್ ನಿಯಮ ಶಾಶ್ವತವಲ್ಲ. 300 ಕೋಟಿ ರೂಪಾಯಿ ಮೀರಿದ ಖರೀದಿಗಳಿಗೆ ಅನ್ವಯಿಸುತ್ತಿದ್ದ ಅದು 2016ರಲ್ಲಿ 2,000 ಕೋಟಿ ಮೀರಿದವುಗಳಿಗೆ ಸೀಮಿತವಾಯಿತು. 2020ರ ನಿಯಮಾವಳಿಯಲ್ಲಿ ಸರ್ಕಾರ-ಸರ್ಕಾರಗಳ ನಡುವಿನ ಖರೀದಿಗಳಿಂದ ಅದನ್ನು ಕೈಬಿಡಲಾಯಿತು. ನಿಯಮದ ಆಸರೆಯಿಂದ ಬಂದ ಕೆಲಸ ನಿಯಮದೊಡನೆ ಹೋದೀತು. ಗುಣಮಟ್ಟದಿಂದ ಬಂದ ಕೆಲಸ ಉಳಿಯುತ್ತದೆ.

ಉಪಸಂಹಾರ: ಬದಲಿ ಯಂತ್ರ ಕೊಳ್ಳುವ ಮುನ್ನ ಏಳು ಪ್ರಶ್ನೆಗಳು

1. ಈ ಯಂತ್ರ ನಿತ್ಯ ಮಾಡಬೇಕಾದ ಕೆಲಸ ಯಾವುದು, ವರ್ಷಕ್ಕೊಮ್ಮೆ ಮಾಡಬೇಕಾದದ್ದು ಯಾವುದು? ಅಪರೂಪದ ಕೆಲಸಕ್ಕಾಗಿ ನಿತ್ಯವೂ ದುಬಾರಿ ಯಂತ್ರವನ್ನು ಓಡಿಸುತ್ತಿಲ್ಲವಷ್ಟೆ?

2. ಬೆಲೆಯನ್ನು ಯಂತ್ರದ ಲೆಕ್ಕದಲ್ಲಿ ನೋಡಲಾಗಿದೆಯೇ, ಅಥವಾ ಅದು ಕೊಡುವ ಉಪಯುಕ್ತ ತಾಸಿನ ಲೆಕ್ಕದಲ್ಲಿಯೇ?

3. ಕಟ್ಟಡ, ತರಬೇತಿ, ಬಿಡಿಭಾಗ, ವಿಮೆ ಇವೆಲ್ಲ ಮೊದಲ ಅಂದಾಜಿನಲ್ಲಿಯೇ ಸೇರಿವೆಯೇ?

4. ಬಿಡಿಭಾಗ ಒಬ್ಬನೇ ಮಾರಾಟಗಾರನಲ್ಲಿ ಸಿಗುತ್ತದೆಯೇ, ಹಲವರಲ್ಲಿಯೇ? ಆ ಒಬ್ಬನು ನಾಳೆ ಇಲ್ಲದಿದ್ದರೆ ಗತಿಯೇನು?

5. ಹಳೆಯದನ್ನು ನವೀಕರಿಸುವುದಾದರೆ ಅದರ ಒಡಲನ್ನು ಅಳತೆ ಮಾಡಿ ನೋಡಲಾಗಿದೆಯೇ? ಹಣ ಕೊಡುವ ಮುನ್ನ ಅಳೆಯಬೇಕು, ಕೊಟ್ಟ ಮೇಲಲ್ಲ.

6. ಮೊದಲು ಬಾಡಿಗೆಗೆ ಪಡೆದು ಪರೀಕ್ಷಿಸಲು ಸಾಧ್ಯವೇ?

7. ಹೊಸದು ಬಂದು ಕೆಲಸಕ್ಕೆ ಪಳಗುವವರೆಗೆ ಹಳೆಯದು ಓಡುತ್ತಿರುತ್ತದೆಯೇ?

ಏಳರಲ್ಲಿ ಕೊನೆಯದೇ ಅತಿ ಮುಖ್ಯವಾದದ್ದು. ಹಳೆಯ ಯಂತ್ರವನ್ನು ಇನ್ನೆರಡು ವರ್ಷ ನಡೆಸುವ ಖರ್ಚು ಕಾಗದದ ಮೇಲೆ ವ್ಯರ್ಥವೆಂದು ಕಾಣುತ್ತದೆ. ಅದನ್ನು ಗುಜರಿಗೆ ಹಾಕಿದರೆ ಆ ವರ್ಷದ ಲೆಕ್ಕ ಚೊಕ್ಕಟವಾಗಿ ತೋರುತ್ತದೆ. ಬ್ರಿಟನ್ 2010ರಲ್ಲಿ ಉಳಿಸಿದ್ದು ಇಂಥ ಹಣವನ್ನೇ. ಬದಲಿಗೆ ಹತ್ತು ವರ್ಷ ಅನ್ಯರ ವಿಮಾನಗಳ ಹಂಗಿನಲ್ಲಿರಬೇಕಾಯಿತು. ಭಾರತವು 2013ರಿಂದ 2017ರವರೆಗೆ ಎರಡೂ ಬಗೆಯ ವಿಮಾನಗಳ ಖರ್ಚನ್ನು ಹೊತ್ತಿತು. ಕಾವಲು ಒಂದು ದಿನವೂ ತಪ್ಪಲಿಲ್ಲ. ಗಿರಾಕಿಯು ಯಂತ್ರ ಬರುವವರೆಗೆ ಕಾಯುವುದಿಲ್ಲ, ಪಕ್ಕದ ಊರಿಗೆ ಹೋಗುತ್ತಾನೆ. ಹೋದವನು ಮರಳಿ ಬರುವುದು ಕಷ್ಟ. ಮಿತವ್ಯಯವೆಂದರೆ ಕಡಿಮೆ ಬೆಲೆಗೆ ಕೊಳ್ಳುವುದಲ್ಲ, ಕೆಲಸ ನಿಲ್ಲದಂತೆ ಕೊಳ್ಳುವುದು.